ಫ್ರೀ ಸಿಗೋ ಗಣಿತ ಸಾಫ್ಟ್‌ವೇರ್‌ಗೆ ಇಷ್ಟೊಂದು ಷರತ್ತು ಯಾಕೆ, ಎಲ್ಲಿಂದ ಶುರುವಾಯ್ತು

ವೊಲ್ಫ್ರಮ್ ಕಂಪನಿಯ ವೊಲ್ಫ್ರಮ್ ಎಂಜಿನ್ ಹಾಕ್ಕೊಳ್ಳೋಕೆ ಒಂದು ರೂಪಾಯೀನೂ ಬೇಡ, ಒಂದು ವೊಲ್ಫ್ರಮ್ ಐಡಿ ಮಾಡ್ಕೊಂಡು ಟರ್ಮಿನಲ್‌ನಲ್ಲಿ ಆಕ್ಟಿವೇಟ್ ಮಾಡಿದ್ರೆ ಅದೇ ಕಂಪನಿ ದುಡ್ಡಿಗೆ ಮಾರೋ ಗಣಿತ ಸಾಫ್ಟ್‌ವೇರ್ ಮ್ಯಾಥಮ್ಯಾಟಿಕಾ ಒಳಗಡೆ ಲೆಕ್ಕ ಮಾಡೋ ಭಾಗ ಪೂರ್ತಿ ನಿಮ್ಮ ಮೆಷಿನ್‌ಗೆ ಬರುತ್ತೆ. ಲೆಕ್ಕ ಬರೆದು ಉತ್ತರ ನೋಡೋ ನೋಟ್‌ಬುಕ್ ಪರದೆ ಮಾತ್ರ ಬರಲ್ಲ, ಅದಕ್ಕೆ ಜುಪಿಟರ್ ಅನ್ನೋ ಬೇರೆ ಫ್ರೀ ನೋಟ್‌ಬುಕ್ ಜೋಡಿಸ್ಕೋಬೇಕು. 2019ರ ಮೇ ತಿಂಗಳಲ್ಲಿ ಡೆವಲಪರ್‌ಗಳಿಗೆ ಅಂತ ಇದನ್ನ ಬಿಟ್ಟಾಗ ತುಂಬಾ ಜನ ಖುಷಿಪಟ್ರು, ಪಡಬೇಕಾದ್ದೇ. ಆದ್ರೆ ಲೈಸೆನ್ಸ್ ಓದಿದ್ರೆ ಗೊತ್ತಾಗುತ್ತೆ, ಪ್ರೋಗ್ರಾಂ ಬರೆದು ಟೆಸ್ಟ್ ಮಾಡೋವರೆಗೆ ಫ್ರೀ, ಅದು ಪ್ರೊಡಕ್ಷನ್‌ಗೆ, ಅಂದ್ರೆ ನಿಜವಾದ ಬಳಕೆಗೆ, ಹೋದ ದಿನದಿಂದ ಬೇರೆ ಲೈಸೆನ್ಸ್ ಬೇಕು. ಅದೇ ಇಂಟಿಗ್ರಲ್, ಅದೇ ಉತ್ತರ, ಯಾವ ಕೆಲಸಕ್ಕೆ ಬಳಸ್ತಿದೀರ ಅನ್ನೋದ್ರ ಮೇಲೆ ಸರಿ-ತಪ್ಪು ತೀರ್ಮಾನ ಆಗುತ್ತೆ. 2013ರ ನವೆಂಬರ್‌ನಲ್ಲಿ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಜೊತೆ ಮ್ಯಾಥಮ್ಯಾಟಿಕಾನೇ ಫ್ರೀ ಕೊಟ್ಟಾಗಲೂ ಹೀಗೇ, ವ್ಯಾಪಾರಕ್ಕೆ ಬಳಸೋ ಹಾಗಿರಲಿಲ್ಲ.

ಈ ಜಗಳ ಇವತ್ತಿಂದಲ್ಲ. 1968ರಲ್ಲಿ ಅಮೆರಿಕದ ಎಂಐಟಿನಲ್ಲಿ ಮ್ಯಾಕ್ಸಿಮಾ ಅನ್ನೋ ಸಿಸ್ಟಂ ಶುರುವಾಯ್ತು (ಇದು ಹಳೇ Macsyma, ಈಗ ನಾವು ಡೌನ್‌ಲೋಡ್ ಮಾಡೋ Maxima ಇದರ ಮಗು). ಬೀಜಗಣಿತದ ಸಮೀಕರಣಗಳನ್ನ ಅಕ್ಷರಗಳಲ್ಲೇ ಬಿಡಿಸೋ ಪ್ರೋಗ್ರಾಂ, ಬಹುಪಾಲು ಸರ್ಕಾರಿ ದುಡ್ಡಲ್ಲಿ ಬೆಳೆದದ್ದು, ದೂರದೂರಿನ ಸಂಶೋಧಕರು ಇಂಟರ್ನೆಟ್‌ಗೂ ಮುಂಚಿನ ನೆಟ್‌ವರ್ಕ್ ಅರ್ಪಾನೆಟ್ ಮೂಲಕ ಎಂಐಟಿ ಕಂಪ್ಯೂಟರ್‌ಗೆ ಲಾಗಿನ್ ಆಗಿ ಬಳಸ್ತಿದ್ರು. 1982ರಲ್ಲಿ ಎಂಐಟಿ ಅದನ್ನ ಸಿಂಬಾಲಿಕ್ಸ್ ಅನ್ನೋ ಕಂಪನಿಗೆ ಲೈಸೆನ್ಸ್ ಮಾಡ್ತು, ಅಂದ್ರೆ ಮಾರೋ ಹಕ್ಕು ಕೊಡ್ತು. ಅದೃಷ್ಟಕ್ಕೆ ಒಂದು ಕಾಪಿ ಅಮೆರಿಕದ ಇಂಧನ ಇಲಾಖೆ ಹತ್ರಾನೂ ಇತ್ತು. ಟೆಕ್ಸಸ್ ಯೂನಿವರ್ಸಿಟಿಯ ಗಣಿತದ ಪ್ರೊಫೆಸರ್ ಬಿಲ್ ಶೆಲ್ಟರ್ ಆ ಕಾಪಿಯನ್ನ ವರ್ಷಗಟ್ಟಲೆ ಒಬ್ರೇ ರಿಪೇರಿ ಮಾಡ್ಕೊಂಡು ಬಂದ್ರು, ಬಳಸ್ತಾ ಇದ್ರು, ಆದ್ರೆ ಬೇರೆಯೋರಿಗೆ ಮುಕ್ತವಾಗಿ ಹಂಚೋಕೆ ಇಲಾಖೆ ಒಪ್ಪಿಗೆ ಬೇಕಿತ್ತು. ಅದು ಸಿಕ್ಕಿದ್ದು 1998ರಲ್ಲಿ! ಜಿಪಿಎಲ್ ಲೈಸೆನ್ಸ್‌ನಲ್ಲಿ (ಯಾರು ಬೇಕಾದ್ರೂ ಬಳಸಿ, ಬದಲಿಸಿ, ಹಂಚ್ಬಹುದು ಅನ್ನೋ ಮುಕ್ತ ಲೈಸೆನ್ಸ್) ಬಿಡ್ಬಹುದು ಅಂತ ಒಂದು ಪತ್ರ ಬಂತು, 2001ರಲ್ಲಿ ಶೆಲ್ಟರ್ ತೀರ್ಕೊಂಡ್ರು. ಆ ಪತ್ರ ಮೂರು ವರ್ಷ ತಡ ಆಗಿದ್ರೆ ಕಥೆ ಏನಾಗ್ತಿತ್ತೋ, ನೆನೆಸ್ಕೊಂಡ್ರೆ ನಂಗೆ ಈಗಲೂ ಹೊಟ್ಟೆ ತಳಮಳ ಆಗುತ್ತೆ.

ಮ್ಯಾಟ್‌ಲ್ಯಾಬ್ ಕಥೆ ಇದರ ಉಲ್ಟಾ. 1970ರ ದಶಕದ ಕೊನೇಲಿ ಕ್ಲೀವ್ ಮೋಲರ್ ನ್ಯೂ ಮೆಕ್ಸಿಕೋ ಯೂನಿವರ್ಸಿಟಿನಲ್ಲಿ ಪಾಠ ಮಾಡ್ತಿದ್ದಾಗ ಹುಡುಗರು ಫೋರ್ಟ್ರಾನ್ ಭಾಷೇಲಿ ಪ್ರೋಗ್ರಾಂ ಬರೀದೇನೇ ಮ್ಯಾಟ್ರಿಕ್ಸ್ ಲೆಕ್ಕ ಮಾಡ್ಲಿ ಅಂತ ಬರೆದಿದ್ದು, ಆಗ ಅದಕ್ಕೆ ಬೆಲೆ ಇರಲಿಲ್ಲ. 1984ರಲ್ಲಿ ಮ್ಯಾಥ್‌ವರ್ಕ್ಸ್ ಕಂಪನಿ ಆಯ್ತು, ಸಿ ಭಾಷೇಲಿ ಹೊಸದಾಗಿ ಬರೆದ್ರು, ಆಮೇಲಿಂದ ದುಡ್ಡು. ತಪ್ಪೇನಲ್ಲ, ಅಷ್ಟು ಚೆನ್ನಾಗಿರೋ ಸಾಫ್ಟ್‌ವೇರ್ ಮಾಡೋ ಎಂಜಿನಿಯರ್‌ಗಳಿಗೆ ಸಂಬಳ ಬರಲೇಬೇಕು. ಈಗ ಅಗ್ಗದ ಸ್ಟೂಡೆಂಟ್ ಲೈಸೆನ್ಸ್ ಇದೆ, ಹೋಮ್ ಲೈಸೆನ್ಸೂ ಇದೆ, ಆದ್ರೆ ಹೋಮ್ ಲೈಸೆನ್ಸ್ ಇಟ್ಕೊಂಡು ಕಾಲೇಜಿನ ಕೆಲಸ, ರಿಸರ್ಚ್, ಕಂಪನಿ ಕೆಲಸ ಯಾವ್ದೂ ಮಾಡೋ ಹಾಗಿಲ್ಲ. ಕಾಲೇಜಲ್ಲಿ ನಾಲ್ಕು ವರ್ಷ ಒಂದೇ ಸಾಫ್ಟ್‌ವೇರ್‌ನಲ್ಲಿ ಕೈ ಪಳಗಿಸ್ಕೊಂಡ ಹುಡುಗಿ ಹೊರಗೆ ಬಂದು ಸಣ್ಣ ಕಂಪನಿ ಶುರು ಮಾಡಿದ್ರೆ, ಅವಳು ಬರೆದ ಸ್ಕ್ರಿಪ್ಟ್ ಅವಳದ್ದೇ ಆದ್ರೂ ಅದನ್ನ ಓಡಿಸೋಕೆ ಬೇರೆ ಲೈಸೆನ್ಸ್ ಕೊಂಡ್ಕೋಬೇಕು. ನನಗೆ ನೋವಾಗೋದು ಇಲ್ಲೇ.

ಶುದ್ಧ ಗಣಿತದೋರಿಗೆ ಇನ್ನೂ ಒಂದು ತಕರಾರಿದೆ. ಸಿಡ್ನಿ ಯೂನಿವರ್ಸಿಟಿಯ ಮ್ಯಾಗ್ಮಾ ಅನ್ನೋ ಸಿಸ್ಟಂನ ಆನ್‌ಲೈನಲ್ಲಿ ಯಾರು ಬೇಕಾದ್ರೂ ಫ್ರೀಯಾಗಿ ಟ್ರೈ ಮಾಡ್ಬಹುದು, ಒಂದು ಖಾಲಿ ಬಾಕ್ಸ್, ಕೋಡ್ ಅಂಟಿಸಿ ಸಬ್ಮಿಟ್ ಒತ್ತೋದು, ಆದ್ರೆ ಒಂದೆರಡು ನಿಮಿಷ ದಾಟಿದ್ರೆ ಲೆಕ್ಕ ಅಲ್ಲಿಗೇ ನಿಲ್ಲುತ್ತೆ. ದೊಡ್ಡ ಗ್ರೂಪ್ (ಗಣಿತದ ಒಂದು ಬಗೆಯ ರಚನೆ) ಒಂದರ ಸಬ್‌ಗ್ರೂಪ್‌ಗಳನ್ನ ಹುಡುಕೋಕೆ ಹೊರಟ್ರೆ ಅಷ್ಟು ಹೊತ್ತು ಯಾವ ಮೂಲೆಗೂ ಸಾಲಲ್ಲ. ಅದರ ಒಳಗಿನ ಕೋರ್ ಕೋಡ್ ನೋಡೋಕೂ ಆಗಲ್ಲ. ಜರ್ಮನಿಯ ಗಣಿತಜ್ಞ ಯೋಆಖಿಮ್ ನಾಯ್‌ಬ್ಯೂಸರ್ 1993ರಲ್ಲೇ ಇದನ್ನ ಕೇಳಿದ್ರು: ಗ್ರೂಪ್‌ಗಳ ಬಗ್ಗೆ ಇರೋ ಸಿಲೋ ಪ್ರಮೇಯ ಲೈಬ್ರರಿಯಲ್ಲಿ ಪ್ರೂಫ್ ಸಮೇತ ಸಿಗುತ್ತೆ, ಜೀವನಪೂರ್ತಿ ಬಿಟ್ಟಿ ಬಳಸ್ತೀವಿ, ಕಂಪ್ಯೂಟರ್ ಕೊಟ್ಟ ಉತ್ತರಕ್ಕೆ ಮಾತ್ರ ಯಾಕೆ ಫೀಸು, ಯಾಕೆ ಮುಚ್ಚಿದ ಪೆಟ್ಟಿಗೆ? ಅವರ ತಂಡ 1986ರಲ್ಲಿ ಆಹೆನ್‌ನಲ್ಲಿ ಶುರು ಮಾಡಿದ್ದ ಗ್ಯಾಪ್ ಅನ್ನೋ ಗ್ರೂಪ್ ಲೆಕ್ಕದ ಸಾಫ್ಟ್‌ವೇರ್ ಇವತ್ತಿಗೂ ಮುಕ್ತವಾಗಿದೆ. ಮ್ಯಾಗ್ಮಾಗೇ ಕೋಡ್ ಬರೆದುಕೊಟ್ಟಿದ್ದ ವಿಲಿಯಂ ಸ್ಟೈನ್ 2005ರಲ್ಲಿ ಸೇಜ್ ಅನ್ನೋ ಮುಕ್ತ ಗಣಿತ ಸಾಫ್ಟ್‌ವೇರ್ ಶುರು ಮಾಡಿದ್ದೂ ಇದೇ ಬೇಸರಕ್ಕೆ.

ದುಡ್ಡು ಕೊಟ್ಟೋರೂ ಸೇಫ್ ಅಲ್ಲ ಅಂತ ಗೊತ್ತಾಗಿದ್ದು 2020ರ ಜೂನ್‌ನಲ್ಲಿ. ಅಮೆರಿಕ ಸರ್ಕಾರದ ನಿರ್ಬಂಧ ಪಟ್ಟಿಗೆ ಸೇರಿದ ಚೀನಾದ ಹಾರ್ಬಿನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಿದ್ಯಾರ್ಥಿಗಳ ಮ್ಯಾಟ್‌ಲ್ಯಾಬ್ ಲೈಸೆನ್ಸ್ ಕಟ್ ಆಯ್ತು. ಹುಡುಗರದ್ದೇನು ತಪ್ಪಿತ್ತು ಹೇಳಿ.

ನಮ್ಮಲ್ಲಿ ಈ ವಿಷಯಕ್ಕೆ ಗಟ್ಟಿಯಾಗಿ ಕೈ ಹಾಕಿದ್ದು ಮುಕ್ತ ಸಾಫ್ಟ್‌ವೇರ್ ಬಳಕೆ ಹಬ್ಬಿಸೋ ಐಐಟಿ ಬಾಂಬೆಯ ಫಾಸಿ ಯೋಜನೆ, ಕೇಂದ್ರ ಸರ್ಕಾರದ ಅನುದಾನದಲ್ಲಿ. ಮ್ಯಾಟ್‌ಲ್ಯಾಬ್ ಬದಲಿಗೆ ಫ್ರಾನ್ಸ್‌ನಲ್ಲಿ ಹುಟ್ಟಿದ ಮುಕ್ತ ಸಾಫ್ಟ್‌ವೇರ್ ಸೈಲ್ಯಾಬ್ ಕಲಿಸ್ತಾರೆ, ಪಠ್ಯಪುಸ್ತಕದಲ್ಲಿ ಬಿಡಿಸಿ ತೋರಿಸಿರೋ ಲೆಕ್ಕಗಳಿಗೆಲ್ಲ ವಿದ್ಯಾರ್ಥಿಗಳ ಕೈಲೇ ಕೋಡ್ ಬರೆಸಿ ಗೌರವಧನ ಕೊಟ್ಟು ಎಲ್ಲರಿಗೂ ಸಿಗೋ ಹಾಗೆ ಇಟ್ಟಿದಾರೆ. ಅಲ್ಲೇ ಬೆಳೆದ ಸ್ಪೋಕನ್ ಟ್ಯುಟೋರಿಯಲ್ ಅನ್ನೋ ಪಾಠದ ವಿಡಿಯೋಗಳು ಕನ್ನಡದಲ್ಲೂ ಬಂದಿವೆ. ನಮ್ಮ ಹುಡುಗ್ರು ಸೈಲ್ಯಾಬಲ್ಲಿ ಬರೆದ ಕೋಡನ್ನ ಕಾಲೇಜು ಬಿಟ್ಮೇಲೆ ಆಫೀಸಲ್ಲಿ ಓಡಿಸ್ಬಹುದು, ಗಿರಾಕಿಗೂ ಕೊಡ್ಬಹುದು, ಯಾರನ್ನೂ ಕೇಳ್ಬೇಕಾಗಿಲ್ಲ.