ಶಿಪ್ಪೋ ಹೂದಾನಿಗೆ ಖಾಲಿ ಜಾಗ ಬಂದದ್ದು ಹೇಗೆ?

ಲೋಹದ ಮೇಲೆ ಬಣ್ಣದ ಗಾಜಿನ ಪುಡಿ ಕರಗಿಸಿ ಕೂರಿಸುವ ಜಪಾನಿ ಎನಾಮೆಲ್ ಕಸುಬಿಗೆ ಶಿಪ್ಪೋ ಅಂತ ಹೆಸರು. 1870ರ ಸುಮಾರಿನ ಅಂಥ ಒಂದು ಹೂದಾನಿ, 1890ರ ದಶಕದ ಇನ್ನೊಂದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಊರಿನ ಕಸುಬು ಅಂತ ನಂಬುವುದು ಕಷ್ಟ. ಹಳೆಯದರಲ್ಲಿ ಬೆರಳೂರಲು ಜಾಗವಿಲ್ಲ. ಬಳ್ಳಿ, ಚಿಟ್ಟೆ, ಎಲ್ಲೆಲ್ಲೂ ಸುರುಳಿ. ಬಣ್ಣವೂ ಮಂಕು. ಹೊಸದರಲ್ಲಿ ಕನ್ನಡಿಯಂತೆ ಹೊಳೆಯುವ ಕಪ್ಪು, ಅದರ ಮೇಲೆ ಹೂಬಿಟ್ಟ ಒಂದು ಕೊಂಬೆ, ಒಂದೆರಡು ಹಕ್ಕಿ. ಅಷ್ಟೇ. ಜನರ ಅಭಿರುಚಿ ಬದಲಾಯಿತು ಅನ್ನಬಹುದು. ಆದರೆ ಅದಕ್ಕಿಂತ ಜಾಸ್ತಿ ಬದಲಾದದ್ದು ಗಾಜಿನ ಪುಡಿ.

ಶಿಪ್ಪೋ ಕೆಲಸ ನಡೆಯುವುದು ಹೀಗೆ. ತಾಮ್ರದ ಹೂದಾನಿಯ ಮೇಲೆ ಚಿತ್ರದ ಗೆರೆಗಳ ಉದ್ದಕ್ಕೂ ತೆಳುವಾದ ಚಪ್ಪಟೆ ತಂತಿಯನ್ನು ಅಂಚಿನ ಮೇಲೆ ನಿಲ್ಲಿಸಿ ಅಂಟಿಸುತ್ತಾರೆ. ತಂತಿಗಳ ನಡುವಿನ ಪುಟ್ಟ ಮನೆಗಳಿಗೆ ಬಣ್ಣದ ಗಾಜಿನ ಪುಡಿಯನ್ನು ಒದ್ದೆ ಮಾಡಿ ತುಂಬುತ್ತಾರೆ. ಸುಮಾರು 800 ಡಿಗ್ರಿ ಶಾಖದಲ್ಲಿ ಪುಡಿ ಕರಗಿ ತಗ್ಗಾಗುತ್ತದೆ. ಮತ್ತೆ ತುಂಬಬೇಕು, ಮತ್ತೆ ಸುಡಬೇಕು. ಕೊನೆಗೆ ಕಲ್ಲಿನಿಂದ ಉಜ್ಜಿ ನಯ ಮಾಡಬೇಕು. ಜೈಪುರದ ಮೀನಾಕಾರಿ ಇದರ ನೆಂಟನೇ. ಅಲ್ಲಿ ತಂತಿ ಇಡುವುದಿಲ್ಲ, ಲೋಹವನ್ನೇ ಕೆತ್ತಿ ಗುಳಿ ಮಾಡುತ್ತಾರೆ.

ಹಳೆಯ ಎನಾಮೆಲ್ಲನ್ನು ಅಗಲವಾಗಿ ಬಳಿದರೆ ಬಿರುಕು ಬಿಡುತ್ತಿತ್ತು. ಅದನ್ನು ಹಿಡಿದಿಡಲು ಎಲ್ಲೆಡೆ ತಂತಿ ಬೇಕಿತ್ತು. ಆ ಸುರುಳಿಗಳು ಸುಮ್ನೆ ಅಲಂಕಾರವಲ್ಲ, ಊರುಗೋಲು.

17ನೇ ಶತಮಾನದಿಂದಲೂ ಹಿರಾತ ಮನೆತನದವರು ಕತ್ತಿಯ ಬಿಡಿಭಾಗಗಳಿಗೆ ಎನಾಮೆಲ್ ಕೂರಿಸುತ್ತಿದ್ದರು. ಗುಟ್ಟನ್ನು ಮಾತ್ರ ಮನೆಯಾಚೆ ಬಿಡಲಿಲ್ಲ. 1830ರ ದಶಕದಲ್ಲಿ ನಗೋಯಾ ಕಡೆಯ ಕಾಜಿ ತ್ಸುನೆಕಿಚಿ ಎಂಬ ಸಮುರಾಯ್ ಮನೆತನದವನಿಗೆ ಹೊರದೇಶದ ಒಂದು ಎನಾಮೆಲ್ ಪಾತ್ರೆ ಸಿಕ್ಕಿತು. ಅದನ್ನು ಬಿಚ್ಚಿ ನೋಡಿ ಕಲಿತನಂತೆ. ಅವನಿಂದ ಶಿಷ್ಯರಿಗೆ, ಅವರಿಂದ ತೋಶಿಮಾ ಹಳ್ಳಿಗೆ ಕಸುಬು ಹರಡಿತು.

1868ರಲ್ಲಿ ಜಪಾನಿನಲ್ಲಿ ಮೇಜಿ ಚಕ್ರವರ್ತಿಯ ಆಡಳಿತ ಬಂತು. ಸರ್ಕಾರಕ್ಕೆ ವಿದೇಶಿ ಹಣ ಬೇಕಿತ್ತು. 1873ರ ವಿಯೆನ್ನಾ ವಿಶ್ವ ಮೇಳಕ್ಕೆ ಜಪಾನಿನ ಕುಸುರಿ ವಸ್ತುಗಳು ಹಡಗು ಹತ್ತಿದವು. ಆ ಸಿದ್ಧತೆಗೆ ಸಲಹೆ ಕೊಟ್ಟವನು ಗಾಟ್‌ಫ್ರೀಡ್ ವ್ಯಾಗೆನರ್, ಜರ್ಮನಿಯ ರಸಾಯನ ತಜ್ಞ. ಮುಂದೆ ಅವನು ಟೋಕಿಯೊದಲ್ಲಿ, 1878ರಿಂದ ಕ್ಯೋಟೋದಲ್ಲಿ ಎನಾಮೆಲ್ಲನ್ನೇ ಸುಧಾರಿಸಿದ. ಹೊಳಪು ಹೆಚ್ಚಿತು, ಅಗಲ ಬಳಿದರೂ ಬಿರುಕಿಲ್ಲ. ಊರುಗೋಲಿನ ಕೆಲಸ ಮುಗಿಯಿತು!

ಇದರ ಪೂರ್ತಿ ಲಾಭ ಪಡೆದವರು ನಮಿಕಾವಾ ಎಂಬ ಒಂದೇ ಹೆಸರಿನ ಇಬ್ಬರು ಶಿಪ್ಪೋ ಕಸುಬುದಾರರು. ಇಬ್ಬರಿಗೂ ರಕ್ತಸಂಬಂಧವಿಲ್ಲ. ಕ್ಯೋಟೋದ ಯಾಸುಯುಕಿ (1845–1927) ತಂತಿಯನ್ನು ಬಿಡಲಿಲ್ಲ. ಬೇಕಾದ ಕಡೆ ಮಾತ್ರ ಇಟ್ಟ, ಅದೂ ಕುಂಚದ ಗೆರೆಯಂತೆ ದಪ್ಪ-ತೆಳು ಮಾಡಿ. ಉಳಿದದ್ದೆಲ್ಲ ಕಪ್ಪು. ಟೋಕಿಯೊದ ಸೋಸುಕೆ ಇನ್ನೂ ಮುಂದೆ ಹೋದ. ಸುಡುವ ಮೊದಲೇ ತಂತಿ ತೆಗೆದು, ಬಣ್ಣಕ್ಕೆ ಬಣ್ಣ ಬೆರೆಸಿ, ಮಂಜಿನ ಫ್ಯೂಜಿ ಬೆಟ್ಟವನ್ನು ಗಾಜಿನಲ್ಲೇ ಬಿಡಿಸಿದ. 1896ರಲ್ಲಿ ಇಬ್ಬರಿಗೂ ಅರಮನೆಯ ಕಲಾವಿದರೆಂಬ ಗೌರವ ಸಿಕ್ಕಿತು. ಸೋಸುಕೆಯ ಕೈಚಳಕ ದೊಡ್ಡದೇ. ಆದರೆ ಬಣ್ಣದ ಚಿತ್ರದಂತೆಯೇ ಕಾಣಬೇಕಾದರೆ ರೇಷ್ಮೆ ಬಟ್ಟೆಯ ಮೇಲೆ ಬರೆದಿದ್ದರೇ ಸಾಕಿತ್ತಲ್ವಾ? ನನ್ನ ಮತ ಯಾಸುಯುಕಿಗೆ.

ಪಶ್ಚಿಮದ ಬೇಡಿಕೆ ಏರಿದ ಹಾಗೆ ಅಗ್ಗದ ಮಾಲೂ ಜಾಸ್ತಿ ಬಂತು. ಆಮೇಲೆ ಗಿರಾಕಿಗಳ ಒಲವು ಬೇರೆಡೆ ತಿರುಗಿತು. ಎರಡನೇ ಮಹಾಯುದ್ಧ ಬಂದಾಗ ತಾಮ್ರವೇ ಸಿಗದಂತಾಯಿತು. ಕಸುಬು ಸಣ್ಣದಾದರೂ ನಿಂತಿಲ್ಲ. ತೋಶಿಮಾ ಈಗ ಐಚಿ ಪ್ರಾಂತ್ಯದ ಅಮಾ ನಗರಕ್ಕೆ ಸೇರಿದೆ. ಅಲ್ಲೊಂದು ಶಿಪ್ಪೋ ಕಲಾಗ್ರಾಮವಿದೆ. ಯಾಸುಯುಕಿಯ ಕ್ಯೋಟೋ ಮನೆಯೂ ಮ್ಯೂಸಿಯಂ ಆಗಿದೆ.