ರೋಜರ್ ಅಂದ್ರೆ ‘ಆಯ್ತು’ ಅಲ್ಲ

ಸಿನಿಮಾದ ಪೈಲಟ್‌ಗಳು ಮಾತಿಗೊಂದು ಸಲ ‘ರೋಜರ್’ ಅನ್ನುತ್ತಾರೆ. ನೋಡುವವರು ಅದನ್ನು ‘ಆಯ್ತು, ಹಾಗೇ ಮಾಡ್ತೀನಿ’ ಎಂದು ತಿಳಿಯುತ್ತಾರೆ. ತಪ್ಪು. ರೋಜರ್ ಎಂದರೆ ‘ನೀವು ಹೇಳಿದ್ದು ಪೂರ್ತಿ ಕೇಳಿಸಿತು’ ಅಂತ, ಅಷ್ಟೇ. ಮಾಡುತ್ತೇನೆ ಎನ್ನಲು ಬೇರೆಯೇ ಪದವಿದೆ: ವಿಲ್ಕೊ. ಇದೆಲ್ಲ ತಲೆಹರಟೆ ಅನ್ನಿಸಬಹುದು. ಆದರೆ ಸರಿಯಾದ ಒಂದು ಪದ ಬಾಯಿಂದ ಹೊರಬೀಳದೆ 73 ಜನ ಸತ್ತಿದ್ದಾರೆ.

1990ರ ಜನವರಿ 25ರ ರಾತ್ರಿ. ಕೊಲಂಬಿಯಾದಿಂದ ನ್ಯೂಯಾರ್ಕಿನ ಕೆನಡಿ ನಿಲ್ದಾಣಕ್ಕೆ ಬರುತ್ತಿದ್ದ ಏವಿಯಾಂಕಾ 52ರಲ್ಲಿ 158 ಜನರಿದ್ದರು. ಹವಾಮಾನ ಕೆಟ್ಟಿತ್ತು, ಇಳಿಯುವ ವಿಮಾನಗಳ ಸಾಲು ಉದ್ದವಾಗಿತ್ತು. ಮೂರು ಕಡೆ ಸುತ್ತು ಹೊಡೆಸಿ ಒಟ್ಟು 77 ನಿಮಿಷ ಕಾಯಿಸಿದರು. ರೇಡಿಯೋದಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದವರು ಸಹ ಪೈಲಟ್. ‘ನಮಗೆ ಆದ್ಯತೆ ಬೇಕು ಅನ್ನಿಸುತ್ತೆ’ ಎಂದರು. ಮೊದಲ ಸಲ ಇಳಿಯಲು ಹೋಗಿ ಆಗದೆ ಮತ್ತೆ ಮೇಲೆದ್ದ ಮೇಲೆ ‘ಇನ್ನೊಮ್ಮೆ ಪ್ರಯತ್ನಿಸುತ್ತೇವೆ, ಇಂಧನ ಮುಗಿಯುತ್ತಿದೆ’ ಎಂದರು. ಇಳಿಯುವ ಹೊತ್ತಿಗೆ ಯಾವ ವಿಮಾನದ ಇಂಧನ ಮುಗಿಯುತ್ತಿರುವುದಿಲ್ಲ ಹೇಳಿ? ‘15 ಮೈಲಿ ಆಚೆ ಕರೆದೊಯ್ದು ತಿರುಗಿಸುತ್ತೇನೆ, ನಿಮಗೂ ನಿಮ್ಮ ಇಂಧನಕ್ಕೂ ಸರಿಯಾ?’ ಎಂದು ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ನಿಯಂತ್ರಕರು ಕೇಳಿದರು. ‘ಸರಿ ಅನ್ನಿಸುತ್ತೆ, ತುಂಬಾ ಥ್ಯಾಂಕ್ಸ್’ ಎಂಬ ಉತ್ತರ ಬಂತು.

ಊಟಕ್ಕೆ ಏಳಿ ಎಂದರೆ ನಾವು ‘ಪರವಾಗಿಲ್ಲ’ ಅನ್ನುತ್ತೇವಲ್ಲ, ಆ ಥರದ ‘ಸರಿ’ ಇದು. ಮನೆಯಾಕೆ ನಮ್ಮ ಮುಖ ನೋಡಿ ಹಸಿವು ಗುರುತಿಸಿ ಎಲೆ ಹಾಕುತ್ತಾಳೆ. ರೇಡಿಯೋದಲ್ಲಿ ಮುಖ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ನಾಲ್ಕೂ ಎಂಜಿನ್ ನಿಂತು ವಿಮಾನ ಲಾಂಗ್ ಐಲ್ಯಾಂಡಿನ ಒಂದು ಗುಡ್ಡದ ಇಳಿಜಾರಿಗೆ ಬಿತ್ತು. ಬೆಂಕಿ ಹತ್ತಲಿಲ್ಲ. ಹತ್ತಲು ಟ್ಯಾಂಕಿನಲ್ಲಿ ಇಂಧನವೇ ಇರಲಿಲ್ಲ.

ಹಾಗಾದರೆ ಅನುಮಾನ ಬಂದಾಗ ಇನ್ನೆರಡು ಮಾತು ಕೇಳಿ ಖಾತ್ರಿ ಮಾಡಿಕೊಳ್ಳಬಾರದಿತ್ತಾ? ಹೀಗೆ ಕೇಳುವವರ ಮನಸ್ಸಿನಲ್ಲಿ ಫೋನ್ ಇರುತ್ತದೆ. ಇದು ಫೋನ್ ಅಲ್ಲ. ಊರ ಸಭೆಯಲ್ಲಿ ಇರುವ ಒಂದೇ ಒಂದು ಮೈಕು. ಒಂದು ಪ್ರದೇಶದ ಎಲ್ಲ ವಿಮಾನಗಳೂ ಒಂದೇ ತರಂಗದಲ್ಲಿ ಸರದಿಯ ಮೇಲೆ ಮಾತಾಡಬೇಕು. ಗುಂಡಿ ಒತ್ತಿದಾಗ ನೀವು ಮಾತಾಡಬಹುದು, ಆಗ ಕೇಳಿಸಿಕೊಳ್ಳಲು ಆಗದು. ಒಬ್ಬ ಜಾಸ್ತಿ ಹೊತ್ತು ಮಾತಾಡಿದರೆ ಇನ್ನೊಬ್ಬನ ಮಾತು ಗಂಟಲಲ್ಲೇ ಉಳಿಯುತ್ತದೆ.

ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಏನಾಗುತ್ತದೆ? ಇದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ತಾಳ್ಮೆ ಇರಲಿ. ಎಫ್.ಎಂ. ಪಟ್ಟಿ 108 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ಅಲ್ಲಿಂದ ಸ್ವಲ್ಪ ಆಚೆ, 118ರಿಂದ 137ರವರೆಗೆ, ವಿಮಾನಗಳ ಮಾತು. ಆದರೆ ಅಲ್ಲಿರುವುದು ಎಫ್.ಎಂ. ಅಲ್ಲ, ಹಳೇ ಎ.ಎಂ. ಸೆಕೆಂಡಿಗೆ 12 ಕೋಟಿ ಸಲ ಕಂಪಿಸಬೇಕಾದ ಇಬ್ಬರ ಅಲೆಗಳಲ್ಲಿ ಒಂದು ಲಕ್ಷಕ್ಕೆ ಒಂದರಷ್ಟು ತಪ್ಪಿದರೂ ಎರಡರ ನಡುವೆ 1200 ಕಂಪನಗಳ ವ್ಯತ್ಯಾಸ ಬರುತ್ತದೆ. ಎರಡು ತಂಬೂರಿಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದರೆ ನಡುವೆ ‘ವೊಂಯ್ ವೊಂಯ್’ ಎಂಬ ಮೂರನೆಯ ಅಲೆ ಏಳುತ್ತದಲ್ಲ, ಅದೇ ಇದು. ತಂಬೂರಿಯಲ್ಲಿ ವ್ಯತ್ಯಾಸ ಸೆಕೆಂಡಿಗೆ ಎರಡು ಮೂರು, ಹಾಗಾಗಿ ತೂಗಾಟ. ಇಲ್ಲಿ ಸಾವಿರ, ಹಾಗಾಗಿ ಕಿವಿ ಚುಚ್ಚುವ ಸಿಳ್ಳೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಶುರುಮಾಡಿದ ಕಾಲದಿಂದ ರೇಡಿಯೋ ಕೇಳುತ್ತಾ ಬಂದ ನಮಗೆ ಈ ಸಿಳ್ಳೆ ಹೊಸದಲ್ಲ. ರಾತ್ರಿ ಮೀಡಿಯಂ ವೇವ್‌ನಲ್ಲಿ ಎರಡು ನಿಲಯಗಳ ನಡುವೆ ಕುಂಯ್ಯೆಂದು ಕೂಗುತ್ತಿದ್ದುದು ಇದೇ.

ಎಫ್.ಎಂ.ಗೆ ಬದಲಾಯಿಸಿದರೆ ಸಿಳ್ಳೆ ಇರುವುದಿಲ್ಲ. ಅದೇ ಅಪಾಯ. ಎಫ್.ಎಂ.ನಲ್ಲಿ ಜೋರಿನ ಅಲೆ ಸಣ್ಣದನ್ನು ಸುಮ್ನೆ ನುಂಗಿಬಿಡುತ್ತದೆ. ನುಂಗಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಎ.ಎಂ.ನ ಸಿಳ್ಳೆ ಕನಿಷ್ಠ ‘ಯಾರದೋ ಮಾತು ಕೆಟ್ಟಿತು, ಮತ್ತೆ ಕೇಳಿ’ ಎಂದು ಚಾಡಿ ಹೇಳುತ್ತದೆ.

ಕೇಳುವವರು ಮತ್ತೆ ಕೇಳಬೇಕು, ಅಷ್ಟೇ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಕೆ.ಎಲ್.ಎಂ. ಪೈಲಟ್ ಕಿವಿಗೆ ‘ಓಕೆ’ ಎಂಬುದು ಮಾತ್ರ ಸ್ಪಷ್ಟವಾಗಿ ಬಿತ್ತು. ‘ನಿಲ್ಲಿ, ನಾನು ಕರೆಯುತ್ತೇನೆ’ ಎಂಬ ಉಳಿದ ಮಾತು ಪ್ಯಾನ್ ಆಮ್ ವಿಮಾನದ ಮಾತಿಗೆ ಡಿಕ್ಕಿ ಹೊಡೆದು ಸಿಳ್ಳೆಯಾಯಿತು. ಹಾರಲು ಓಡಿದ ಕೆ.ಎಲ್.ಎಂ. ವಿಮಾನ ಮಂಜಿನ ರನ್‌ವೇಯಲ್ಲಿ ಪ್ಯಾನ್ ಆಮ್ ವಿಮಾನಕ್ಕೆ ಡಿಕ್ಕಿ ಹೊಡೆದು 583 ಜನ ಸತ್ತರು. ಅದು ಹಾರುವಾಗ ಆದದ್ದು, ನಮ್ಮ ವಿಷಯ ಇಳಿಯುವುದು. ಆದರೆ ಸಿಳ್ಳೆಯ ಮಾತು ಬಂದ ಮೇಲೆ ಇದನ್ನು ಬಿಡಲು ನನ್ನಿಂದಾಗದು.

ಸಿಳ್ಳೆಯಿಲ್ಲದೆ ಚೊಕ್ಕಟವಾಗಿ ಕೇಳಿಸಿದಾಗಲೂ ಕಷ್ಟವಿದೆ. ಕಿವಿ ತನಗೆ ತೋಚಿದ್ದನ್ನು ಕೇಳಿಸಿಕೊಳ್ಳುತ್ತದೆ. ‘ನಾಳೆ ಏಳು’ ಎಂದರೆ ಏಳು ಗಂಟೆಯೋ, ಹಾಸಿಗೆಯಿಂದ ಏಳುವುದೋ? ಇಂಗ್ಲಿಷಿನಲ್ಲಿ ‘ಎರಡು’ ಎಂಬ ಅಂಕಿಗೂ ‘ಗೆ’ ಎಂಬ ಪ್ರತ್ಯಯದಂಥ ಪದಕ್ಕೂ ಒಂದೇ ಸದ್ದು: ಟೂ. 1989ರ ಫೆಬ್ರವರಿ 19ರಂದು ಕೌಲಾಲಂಪುರದಲ್ಲಿ ಇಳಿಯಲು ಬರುತ್ತಿದ್ದ ಫ್ಲೈಯಿಂಗ್ ಟೈಗರ್ ಸರಕು ವಿಮಾನಕ್ಕೆ ‘ಡಿಸೆಂಡ್ ಟೂ ಫೋರ್ ಝೀರೋ ಝೀರೋ’ ಎಂದರು. ಅಂದರೆ 2400 ಅಡಿಗೆ ಇಳಿಯಿರಿ. ಪೈಲಟ್ ‘ಟೂ’ವನ್ನು ಪ್ರತ್ಯಯ ಮಾಡಿಕೊಂಡು ‘ಓಕೆ, ಫೋರ್ ಝೀರೋ ಝೀರೋ’ ಎಂದು ತಿರುಗಿ ಹೇಳಿದರು. 400 ಅಡಿ! ಹೀಗೆ ತಿರುಗಿ ಹೇಳಿಸುವುದೇ ತಪ್ಪು ಹಿಡಿಯಲಿಕ್ಕೆ. ಅದನ್ನು ನಿಯಂತ್ರಕರು ಗಮನಿಸಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು.

ನಮ್ಮ ದೇಶದ ದೊಡ್ಡ ದುರಂತವೂ ಇದೇ ಕುಟುಂಬದ್ದು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ, ದೆಹಲಿಗೆ ಇಳಿಯುತ್ತಿದ್ದ ಕಜಕಸ್ತಾನದ ವಿಮಾನವೂ ಮೇಲೇರುತ್ತಿದ್ದ ಸೌದಿ ವಿಮಾನವೂ ಡಿಕ್ಕಿಯಾಗಿ 349 ಜನ ಸತ್ತರು. ಇಂಥ ಸುದ್ದಿ ಬಂದಾಗಲೆಲ್ಲ ಗ್ರಹಚಾರ, ತಿಥಿ, ಕೆಟ್ಟ ಸಂಖ್ಯೆ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಗ್ರಹಗಳನ್ನು ಬಿಟ್ಟು ಆ ಕಜಕಸ್ತಾನದ ವಿಮಾನದ ಕಾಕ್‌ಪಿಟ್‌ನಲ್ಲಿ ಯಾರು ಎಲ್ಲಿ ಕೂತಿದ್ದರು ನೋಡಿ. ದೆಹಲಿಯ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವರು ರೇಡಿಯೋ ಆಪರೇಟರ್. ಅವರ ಮುಂದೆ ಎತ್ತರ ತೋರಿಸುವ ಉಪಕರಣ ಇರಲಿಲ್ಲ, ಪೈಲಟ್‌ಗಳ ಹೆಗಲ ಮೇಲಿಂದ ಇಣುಕಬೇಕಿತ್ತು. ಉಪಕರಣ ಎದುರಿಗಿದ್ದ ಪೈಲಟ್‌ಗಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. 15,000 ಅಡಿಯಲ್ಲಿ ಇರಬೇಕಾದ ವಿಮಾನ ಸೌದಿ ವಿಮಾನವಿದ್ದ 14,000ದ ಕಡೆಗೆ ಜಾರಿತು. ಅದಾದ ಮೇಲೆ ದೆಹಲಿಯಲ್ಲಿ ಬರುವ, ಹೋಗುವ ದಾರಿಗಳನ್ನು ಬೇರೆ ಮಾಡಿದರು.

ಇಂಧನದ ವಿಷಯಕ್ಕೂ ಈಗ ಅಳತೆ ಮಾಡಿದ ಪದಗಳಿವೆ. ‘ಮಿನಿಮಮ್ ಫ್ಯೂಯಲ್’ ಎಂದರೆ ಇನ್ನು ಕಾಯಿಸಿದರೆ ಕಷ್ಟ ಎಂಬ ಸೂಚನೆ. ‘ಮೇಡೇ ಫ್ಯೂಯಲ್’ ಎಂದರೆ ಕೊನೆಯ ಮೀಸಲನ್ನೂ ಮುಟ್ಟಿ ಇಳಿಯುತ್ತಿದ್ದೇವೆ ಅಂತ. ಜೆಟ್ ವಿಮಾನಕ್ಕೆ ಆ ಮೀಸಲು 30 ನಿಮಿಷದ್ದು. ‘ಆದ್ಯತೆ’ಗೆ ಇಂಥ ಅಳತೆ ಇರಲಿಲ್ಲ.

ಆದರೆ ‘ಎಮರ್ಜೆನ್ಸಿ’ ಎಂಬ ಪದ 1990ರಲ್ಲೂ ಇತ್ತು. ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಏವಿಯಾಂಕಾ ಕ್ಯಾಪ್ಟನ್ ಅದನ್ನು ಸ್ಪ್ಯಾನಿಷಿನಲ್ಲಿ ಸ್ಪಷ್ಟವಾಗಿ ಹೇಳುತ್ತಾರೆ: ‘ನಮ್ಮದು ತುರ್ತು ಸ್ಥಿತಿ ಅಂತ ಅವರಿಗೆ ಹೇಳು.’ ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರೆ: ‘ಹೇಳಿದೆಯಾ?’

‘ಹೌದು ಸಾರ್, ಆಗಲೇ ತಿಳಿಸಿದ್ದೇನೆ.’