ಶರತ್ಕಾಲದ ಹಳ್ಳದಲ್ಲಿ ಬ್ರೂಕ್ ಟ್ರೌಟ್: ನೊಣ ಆಮೇಲೆ, ಮೊದಲು ಕಾಲಿಡುವ ಜಾಗ

ಬ್ರೂಕ್ ಟ್ರೌಟ್ ಅನ್ನುವ ತಣ್ಣೀರಿನ ಮೀನು ಹೆಸರಿಗೆ ಟ್ರೌಟ್, ಜಾತಿಯಲ್ಲಿ ಅದರ ನೆಂಟ ಗುಂಪಾದ ಚಾರ್. ಬ್ರೌನ್, ರೇನ್‌ಬೋ ಟ್ರೌಟ್‌ಗಳ ಮೈಮೇಲೆ ಕಪ್ಪು ಚುಕ್ಕಿ ಇರುತ್ತದೆ. ಇದಕ್ಕೆ ಗಾಢ ಮೈಮೇಲೆ ತಿಳಿ ಚುಕ್ಕಿ, ಬೆನ್ನಿನ ಮೇಲೆ ಹುಳು ಹರಿದಂಥ ಗೆರೆ, ಪಕ್ಕದಲ್ಲಿ ನೀಲಿ ಉಂಗುರದೊಳಗೆ ಕೆಂಪು ಬೊಟ್ಟು, ಕೆಳ ರೆಕ್ಕೆಗಳ ಅಂಚಿಗೆ ಬಿಳಿ ಪಟ್ಟಿ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಅಮೆರಿಕದ ವರ್ಜೀನಿಯಾ ರಾಜ್ಯದ ಬೆಟ್ಟದ ಹಳ್ಳಗಳಿಗೆ ಇದೊಂದೇ ದೇಶಿ ಟ್ರೌಟ್. ಬ್ರೌನ್ ಬಂದಿದ್ದು ಯುರೋಪಿನಿಂದ. ರೇನ್‌ಬೋ ಬಂದಿದ್ದು ಅಮೆರಿಕದ ಪಶ್ಚಿಮ ಭಾಗದಿಂದ, ಬ್ರಿಟಿಷರು ನಮ್ಮ ನೀಲಗಿರಿಗೆ ತಂದು ಬಿಟ್ಟ ಅದೇ ರೇನ್‌ಬೋ.

ಈ ಮೀನನ್ನು ನೊಣದಿಂದ, ಅಂದರೆ ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಹುಳುವಿನ ನಕಲಿನಿಂದ, ಹಿಡಿಯುವ ಬಗ್ಗೆ ಈ ಟಿಪ್ಪಣಿ. ಇದಕ್ಕೆ ನಾನು ಆರಿಸಿಕೊಂಡಿದ್ದು ಅಲ್ಲಿನ ಶೆನಂಡೋವಾ ರಾಷ್ಟ್ರೀಯ ಉದ್ಯಾನದ ರಾಪಿಡಾನ್ ಹೊಳೆ. ಮಿಲ್ ಪ್ರಾಂಗ್, ಲಾರೆಲ್ ಪ್ರಾಂಗ್ ಅನ್ನುವ ಎರಡು ಹಳ್ಳ ಕೂಡುವಲ್ಲಿ ಇದು ಹುಟ್ಟುತ್ತದೆ. ಅಧ್ಯಕ್ಷ ಹರ್ಬರ್ಟ್ ಹೂವರ್ 1929ರಲ್ಲಿ ಅಲ್ಲೇ ಬಿಡಾರ ಕಟ್ಟಿಸಿದ್ದು, ಮೀನು ಹಿಡಿಯುವ ಆಸೆಗೇ. ವಾಷಿಂಗ್ಟನ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರ.

ಈಗ ವಿಷಯಕ್ಕೆ. ಈ ಮೀನಿಗೆ ತಣ್ಣೀರು ಬೇಕು, 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದರೆ ಖುಷಿ. 20 ದಾಟಿದರೆ ಒದ್ದಾಟ. ಹಗಲು ಚಿಕ್ಕದಾಗಿ ನೀರು ತಣ್ಣಗಾಗುತ್ತಾ ಬಂದಂತೆ ಗಂಡಿನ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ಮೊಟ್ಟೆ ಇಡುವ ಕಾಲ. ಹೆಣ್ಣು ಬಾಲ ಬಡಿದು ಜಲ್ಲಿಯಲ್ಲಿ ಗುಂಡಿ ತೋಡಿ, ಮೊಟ್ಟೆ ಇಟ್ಟು, ಮತ್ತೆ ಜಲ್ಲಿ ಮುಚ್ಚುತ್ತದೆ. ಜಾಗವನ್ನು ಸುಮ್ನೆ ಆರಿಸುವುದಿಲ್ಲ, ಅಡಿಯಿಂದ ಅಂತರ್ಜಲ ಒಸರುವ ಕಡೆಯನ್ನೇ ಹೆಚ್ಚಾಗಿ ಹುಡುಕುತ್ತದೆ, ಯಾಕೆಂದರೆ ಚಳಿಗಾಲದಲ್ಲಿ ಹಳ್ಳದ ನೀರು ಸೊನ್ನೆಯ ಹತ್ತಿರ ಹೋದರೂ ಒಸರು ನೀರು ಅಷ್ಟು ತಣ್ಣಗಾಗುವುದಿಲ್ಲ, ಮೊಟ್ಟೆ ಹೆಪ್ಪುಗಟ್ಟುವುದಿಲ್ಲ, ಹರಿಯುವ ನೀರಿನಿಂದ ಆಮ್ಲಜನಕವೂ ಸಿಗುತ್ತದೆ. 5 ಡಿಗ್ರಿ ನೀರಿನಲ್ಲಿ ಮೊಟ್ಟೆ ಒಡೆಯಲು ಸುಮಾರು 100 ದಿನ ಬೇಕು. ಮರಿ ಹೊರಬಂದ ಮೇಲೂ ಕೆಲವು ವಾರ ಜಲ್ಲಿಯೊಳಗೇ ಇರುತ್ತದೆ. ಅಂದರೆ ನವೆಂಬರಿನಲ್ಲಿ ಮುಚ್ಚಿದ ಗುಂಡಿಯಲ್ಲಿ ಚಳಿಗಾಲವಿಡೀ ಜೀವ ಇರುತ್ತದೆ. ನಮ್ಮ ಒಂದು ಬೂಟಿನ ತುಳಿತ ಸಾಕು, ಆ ಗುಂಡಿ ಹಾಳು.

ಇಂಥ ಹಳ್ಳಗಳಲ್ಲಿ ಮೀನು ಬದುಕುವುದೇ ಮೂರು ನಾಲ್ಕು ವರ್ಷ. ಉದ್ದ ಸಾಮಾನ್ಯವಾಗಿ ಒಂದು ಗೇಣಿನ ಆಸುಪಾಸು. ಅಷ್ಟು ಚಿಕ್ಕ ಹೆಣ್ಣು ಇಡುವ ಮೊಟ್ಟೆಯೂ ಕಡಿಮೆ. ಹಾಗಾಗಿ ಪ್ರತಿ ಗುಂಡಿಗೂ ಲೆಕ್ಕ ಇದೆ, ಅಲ್ವಾ?

ಗುಂಡಿಯನ್ನು ಗುರುತಿಸುವುದು ಹೇಗೆ? ಮಡುವಿನ ಬಾಲದಲ್ಲಿ, ಅಂದರೆ ನೀರು ತೆಳುವಾಗಿ ಮುಂದಿನ ಇಳಿತಕ್ಕೆ ಹೊರಡುವ ಕಡೆ ನೋಡಿ. ಸುತ್ತಲಿನ ಕಲ್ಲಿಗೆ ಪಾಚಿ, ಕೆಸರು ಕೂತಿರುತ್ತದೆ. ನಡುವೆ ಒಂದು ಕಡೆ ಜಲ್ಲಿ ತೊಳೆದಂತೆ ಬೆಳ್ಳಗಿರುತ್ತದೆ. ಅದೇ ಗುಂಡಿ. ಮೇಲೆ ಜೋಡಿ ಮೀನು ಅಲುಗಾಡದೆ ನಿಂತಿದ್ದರೆ ಗಾಳ ಹಾಕಬೇಡಿ. ಹಿಡಿಯುವುದು ಸುಲಭ ಅಂತ ಗೊತ್ತು, ಆದರೂ ಬೇಡ. ಎಲೆ ಬಿದ್ದ ಮೇಲೆ ಗುಂಡಿ ಮುಚ್ಚಿಹೋಗುವುದೂ ಉಂಟು, ಆದ್ದರಿಂದ ಅಕ್ಟೋಬರಿನಿಂದ ನಾನು ಜಲ್ಲಿಗೆ ಕಾಲಿಡುವುದೇ ಇಲ್ಲ. ದಡದ ಮೇಲೆ ನಡೆಯುವುದು, ದಾಟಲೇಬೇಕಾದರೆ ದೊಡ್ಡ ಬಂಡೆಯಿಂದ ಬಂಡೆಗೆ.

ದಡದಲ್ಲೇ ಇರುವುದರಿಂದ ಮೀನೂ ಜಾಸ್ತಿ ಸಿಗುತ್ತದೆ. ಶರತ್ಕಾಲದಲ್ಲಿ ನೀರು ಕಡಿಮೆ, ಗಾಜಿನಷ್ಟು ತಿಳಿ. ಟ್ರೌಟ್ ಸೆಳವಿಗೆ ಮುಖ ಮಾಡಿ ನಿಲ್ಲುತ್ತದೆ, ಹಾಗಾಗಿ ಕೆಳಗಿನಿಂದ ಮೇಲಕ್ಕೆ, ಅದರ ಬೆನ್ನ ಹಿಂದಿನಿಂದ ಹೋಗಬೇಕು. ಮಂಡಿಯೂರಿ ಕೂತು ಎಸೆಯಿರಿ. ಮೊದಲ ಎಸೆತ ಮಡುವಿನ ಕೆಳಭಾಗಕ್ಕೆ. ನೇರ ಮಡುವಿನ ಮೇಲ್ಭಾಗಕ್ಕೆ ಎಸೆದರೆ ಕೆಳಗಿದ್ದ ಮೀನು ಹೆದರಿ ಓಡಿ ಮೇಲಿದ್ದವನ್ನೂ ಎಬ್ಬಿಸುತ್ತದೆ, ಆ ಮಡುವಿನ ಕಥೆ ಮುಗಿಯಿತು.

ಕೋಲು ಏಳು ಅಡಿ, ಮೂರನೇ ನಂಬರಿನ ಹಗುರ ದಾರ ಸಾಕು. ತಲೆ ಮೇಲೆ ರೋಡೋಡೆಂಡ್ರಾನ್, ಲಾರೆಲ್ ಕೊಂಬೆ ಹೆಣೆದುಕೊಂಡಿರುವಲ್ಲಿ ಬೀಸುವ ಮಾತೇ ಇಲ್ಲ. ಅಲ್ಲಿ ಬಿಲ್ಲು ಬಾಣದ ಎಸೆತ ಕಲಿಯಿರಿ: ಕೊಕ್ಕೆಯ ಬಾಗನ್ನು ಬೆರಳಲ್ಲಿ ಹಿಡಿದು, ಕೋಲು ಬಾಗುವಂತೆ ಎಳೆದು, ಗುರಿ ಇಟ್ಟು ಬಿಟ್ಟುಬಿಡಿ.

ನೊಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಹಳ್ಳಗಳಲ್ಲಿ ಮೇವು ಕಡಿಮೆ, ತೇಲಿ ಬಂದದ್ದನ್ನು ಬಿಡುವ ಸ್ಥಿತಿಯಲ್ಲಿ ಮೀನು ಇರುವುದಿಲ್ಲ. ಇಬ್ಬನಿ ಗಟ್ಟಿಯಾಗಿ ಹೆಪ್ಪುಗಟ್ಟುವ ತನಕ ಇರುವೆ, ಜೀರುಂಡೆಯಂಥ ನೊಣ. ಉಳಿದಂತೆ 14 ಅಥವಾ 16ನೇ ಅಳತೆಯ ಪ್ಯಾರಾಶೂಟ್ ಆಡಮ್ಸ್, ಎಲ್ಕ್ ಹೇರ್ ಕ್ಯಾಡಿಸ್ ಅನ್ನುವ ತೇಲುವ ನೊಣಗಳು. ಮುಳುಗುವ ನೊಣ ಹಾಕಿದರೆ ಎಲೆ ಸಿಕ್ಕಿಕೊಂಡು ಸಾಕಾಗಿಬಿಡುತ್ತದೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮೀನನ್ನು ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ, ಆದಷ್ಟು ನೀರಿನೊಳಗೇ ಬಿಡಿಸಿ.

ಸಮಯ? ರಾತ್ರಿ ಚಳಿ ಶುರುವಾದ ಮೇಲೆ ಬೆಳಗ್ಗೆ ಬೇಗ ಹೋಗುವ ಅಗತ್ಯ ಇಲ್ಲ, ಹತ್ತರ ನಂತರ ನೀರು ಸ್ವಲ್ಪ ಬೆಚ್ಚಗಾದಾಗಲೇ ಮೀನು ಮೇಲೇಳುತ್ತದೆ. ಉದ್ಯಾನದೊಳಗೆ 16 ವರ್ಷ ತುಂಬಿದವರಿಗೆ ವರ್ಜೀನಿಯಾ ಪರವಾನಗಿ ಬೇಕು, ಒಂಟಿ ಕೊಕ್ಕೆಯ ಕೃತಕ ಗಾಳ ಮಾತ್ರ. ಹಿಡಿದು ಬಿಡಲೇಬೇಕಾದ ಹಳ್ಳಗಳ ಪಟ್ಟಿಯನ್ನು ಹೊರಡುವ ಮುಂಚೆ ನೋಡಿಕೊಳ್ಳಿ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ಹೋಗಿ ಬನ್ನಿ, ಗುಂಡಿಗಳು ಕಾಣಿಸತೊಡಗಿದ ಮೇಲೆ ಮರಿಗಳು ಜಲ್ಲಿ ಬಿಟ್ಟು ಹೊರಬರುವ ತನಕ ಆ ಹಳ್ಳವನ್ನು ಬಿಟ್ಟುಬಿಡಿ.